ಶಿಲೆ, ಆಸರೆ ಮತ್ತು ಗಣನೆ

ಘನವಸ್ತುವಿನ ಮೇಲೆ ಭಾರ ಬಿದ್ದಾಗ ಅದರೊಳಗೆ ಉಂಟಾಗುವ ಬಲಗಳನ್ನೂ, ಅವುಗಳಿಂದ ಅದು ತಳೆಯುವ ರೂಪಭೇದವನ್ನೂ ವಿಚಾರಿಸುವ ಶಾಸ್ತ್ರವೇ ಘನಬಲವಿಜ್ಞಾನ. ಯಂತ್ರಭಾಗಗಳಿಗೆ ಮಾತ್ರವೇ ಅದು ಮೀಸಲಾದುದಲ್ಲ. 1430ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಿಂದ ನಿಂತಿರುವ 35 ಅಡಿಯ ಗೊಮ್ಮಟನೂ ಅದೇ ನಿಯಮಗಳಿಗೆ ಒಳಪಟ್ಟಿವೆ. ಇಂಥ ಶಿಲಾಕೃತಿಗಳ ಕ್ಷೇಮವನ್ನು ಗಣಕಯಂತ್ರದ ನೆರವಿನಿಂದ ಪರಿಶೀಲಿಸುವಾಗ ಮರೆಯಬಾರದ ಒಂದು ತತ್ತ್ವವನ್ನು ಇಲ್ಲಿ ವಿವರಿಸಲಾಗುವುದು: ಕಲ್ಲಿನ ಬಲದಷ್ಟೇ ಅದಕ್ಕೆ ಕೊಟ್ಟ ಆಸರೆಯ ಬಗೆಯೂ ಫಲವನ್ನು ನಿರ್ಣಯಿಸುತ್ತದೆ.

ಗ್ರಾನೈಟ್ ಶಿಲೆಯು ಚದರ ಸೆಂಟಿಮೀಟರಿಗೆ 1,000 ಕಿಲೋಗ್ರಾಮಿಗೂ ಮೀರಿದ ಒತ್ತಡವನ್ನು ಸಾಧಾರಣವಾಗಿ ತಾಳಬಲ್ಲುದು. ಎಳೆತವನ್ನಾದರೋ ಅದರ ಹತ್ತನೆಯ ಒಂದು ಪಾಲಿನಷ್ಟು ತಾಳುವುದೂ ಕಷ್ಟ. ಹಳೆಯ ಬಿರುಕುಗಳಿದ್ದಲ್ಲಿ ಇನ್ನೂ ಕಡಮೆ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ ಬಾಹುಬಲಿಯ ವಿಗ್ರಹವನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ಅದರ ಎತ್ತರ 39 ಅಡಿ, ತೂಕ ಸುಮಾರು 170 ಟನ್. ಅಷ್ಟೇ ಉದ್ದದ, ಅಷ್ಟೇ ತೂಕದ ಚೌಕ ಕಂಬವೊಂದನ್ನು ಭಾವಿಸೋಣ. ಅದರ ಪಾರ್ಶ್ವ ಸುಮಾರು 2.3 ಮೀಟರ್ ಆಗುತ್ತದೆ. ನಿಂತಾಗ ಅದರ ಬುಡದಲ್ಲಿ ಚದರ ಸೆಂಟಿಮೀಟರಿಗೆ ಕೇವಲ 3.2 ಕಿಲೋಗ್ರಾಂ ಒತ್ತಡ. ಮಲಗಿಸಿ ಎರಡು ತುದಿಗಳಲ್ಲಿ ಆಸರೆ ಕೊಟ್ಟರೆ ನಡುವಿನ ಕೆಳಮೈಯಲ್ಲಿ 12.5 ಕಿಲೋಗ್ರಾಂ ಎಳೆತ ಹುಟ್ಟುತ್ತದೆ. ಅದೇ ಆಸರೆಗಳನ್ನು ತುದಿಗಳಿಂದ ಉದ್ದದ ಐದನೆಯ ಒಂದು ಪಾಲಿನಷ್ಟು ಒಳಕ್ಕೆ ಸರಿಸಿದರೆ ಎಳೆತವು ಎರಡೂವರೆ ಕಿಲೋಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಕಲ್ಲು ಅದೇ, ಭಾರವೂ ಅದೇ. ಬದಲಾದುದು ಆಸರೆಯ ಸ್ಥಾನ ಮಾತ್ರ.

ವಿಗ್ರಹವು ಚೌಕ ಕಂಬವಲ್ಲವೆಂಬುದು ನಿಜ. ಕಣಕಾಲಿನಂಥ ಸಪುರವಾದ ಎಡೆಯಲ್ಲಿ ಚೌಕದ ಪಾರ್ಶ್ವ ಅರ್ಧವಾದರೆ, ಬಾಗಿಸುವ ಬಲ ಅಷ್ಟೇ ಇದ್ದರೂ ಎಳೆತವು ಎಂಟು ಮಡಿಯಾಗುತ್ತದೆ. ಇಲ್ಲಿಯೇ ಗಣಕಯಂತ್ರದ ಪ್ರಯೋಜನ. ವಸ್ತುವನ್ನು ಸಾವಿರಾರು ಚಿಕ್ಕ ಘಟಕಗಳಾಗಿ ವಿಭಜಿಸಿ, ಘಟಕಗಳು ಕೂಡುವ ಬಿಂದುಗಳಲ್ಲಿ ಬಲಗಳ ಸಮತೋಲನದ ಸಮೀಕರಣಗಳನ್ನು ಬರೆದು, ಅವೆಲ್ಲವನ್ನೂ ಒಟ್ಟಿಗೆ ಬಿಡಿಸುವುದು ಪರಿಮಿತ ಘಟಕ ವಿಧಾನದ ಸಾರ. ಕೂರಾಂಟನ 1943ರ ಲೇಖನದಲ್ಲಿ ಇದರ ಬೀಜವಿದೆ. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಇವರು 1956ರಲ್ಲಿ ವಿಮಾನದ ರಚನೆಗೆ ಅದನ್ನು ಅನ್ವಯಿಸಿದರು. ಕ್ಲಫ್ 1960ರಲ್ಲಿ ಅದಕ್ಕೆ ಹೆಸರಿಟ್ಟನು. ಆದರೆ ಆಸರೆ ಎಲ್ಲಿದೆ, ಅದು ಎಷ್ಟು ಕುಸಿಯಬಲ್ಲುದು ಎಂಬುದನ್ನು ಯಂತ್ರವು ತಾನಾಗಿ ತಿಳಿಯದು. ಗಣಕನೇ ಅದನ್ನು ಒದಗಿಸಬೇಕು.

ಈ ವಿಷಯದಲ್ಲಿ ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಹೇಳಿದ ನಿದರ್ಶನ ಇಂದಿಗೂ ಬೋಧಪ್ರದ. ಎರಡು ದಿಮ್ಮಿಗಳ ಮೇಲೆ ಮಲಗಿಸಿದ್ದ ಅಮೃತಶಿಲೆಯ ಕಂಬಕ್ಕೆ ಭದ್ರತೆಗೆಂದು ನಡುವೆ ಮೂರನೆಯ ದಿಮ್ಮಿಯನ್ನು ಕೊಟ್ಟರು. ಕಾಲಾಂತರದಲ್ಲಿ ತುದಿಯ ದಿಮ್ಮಿಯೊಂದು ಕೊಳೆತು ಕುಸಿಯಿತು, ನಡುವಿನದು ಗಟ್ಟಿಯಾಗಿಯೇ ಉಳಿಯಿತು. ಕಂಬ ಸರಿಯಾಗಿ ಅದರ ಮೇಲೆಯೇ ಮುರಿಯಿತು. ಎರಡೇ ಆಸರೆಗಳಿದ್ದಾಗ ಒಂದು ತುಸು ಕುಸಿದರೂ ಒಳಬಲಗಳು ಬದಲಾಗವು. ಮೂರಾದರೆ ಬದಲಾಗುತ್ತವೆ. ಮೂರೂ ಸಮಮಟ್ಟದಲ್ಲಿದ್ದರೆ ಎಳೆತವು ಮೊದಲಿನ ಕಾಲುಭಾಗಕ್ಕೆ ಇಳಿಯುತ್ತದೆ. ಒಂದು ತುದಿ ಕುಸಿದು ಆಸರೆ ತಪ್ಪಿದರೆ ಲಾಭವೆಲ್ಲ ನಷ್ಟವಾಗಿ ಮೊದಲಿನಷ್ಟೇ ಎಳೆತ ಮರಳುತ್ತದೆ, ಅದೂ ಕೆಳಮೈಗಲ್ಲ, ಮೇಲ್ಮೈಗೆ.

ಎಷ್ಟು ಕುಸಿದರೆ ಹೀಗಾದೀತು? 4 ಮೀಟರ್ ಉದ್ದ, 40 ಸೆಂಟಿಮೀಟರ್ ದಪ್ಪದ ಗ್ರಾನೈಟ್ ತೊಲೆಯೊಂದು ಸ್ವಂತ ಭಾರವನ್ನು ಮಾತ್ರ ಹೊತ್ತಿದೆಯೆಂದೂ, ಅದರ ಸ್ಥಿತಿಸ್ಥಾಪಕತಾ ಗುಣಾಂಕ ಚದರ ಸೆಂಟಿಮೀಟರಿಗೆ 5 ಲಕ್ಷ ಕಿಲೋಗ್ರಾಮೆಂದೂ ಇಟ್ಟುಕೊಂಡರೆ, ಉತ್ತರ ಒಂದು ಮಿಲಿಮೀಟರಿನ ಆರನೆಯ ಒಂದು ಪಾಲು! ಕರಾವಳಿಯ ಮುರಕಲ್ಲಿನ ಅಡಿಯಲ್ಲಿ ದೊರೆಯುವ ಶೇಡಿಮಣ್ಣು ಮಳೆಗಾಲದಲ್ಲಿ ನೀರುಂಡು ಬಲಗುಂದುವುದನ್ನು ಬಲ್ಲವರಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಕೆಳಮೈಯಲ್ಲಿ ಬಿರುಕುಬಿಟ್ಟ ಪುರಾತನ ತೊಲೆಗೆ ನಡುವೆ ಉಕ್ಕಿನ ಊರೆ ಕೊಡುವುದು ಎಲ್ಲ ಸಂದರ್ಭಗಳಲ್ಲಿಯೂ ಉಪಕಾರವಲ್ಲ. ಮೇಲಿನಿಂದ ಹುಟ್ಟಿದ ಹೊಸ ಬಿರುಕು ಕೆಳಗಿನ ಹಳೆಯದನ್ನು ಕೂಡಿದರೆ ತೊಲೆ ಎರಡಾಗುತ್ತದೆ. ಗಣನೆಗೆ ಮೊದಲು ಅಳತೆ ನಡೆಯಬೇಕು: ಕಂಬಗಳ ಬುಡದ ಮಟ್ಟವನ್ನು ಮಳೆಗಾಲದ ಮುಂಚೆಯೂ ಅನಂತರವೂ ಗುರುತಿಸಬೇಕು, ಬಳಿಕ ಒಂದೊಂದು ಆಸರೆ ಕುಸಿದಂತೆ ಭಾವಿಸಿ ಗಣನೆಯನ್ನು ಪುನಃ ಪುನಃ ನಡೆಸಬೇಕು. ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ, ಮೂಡುಬಿದಿರೆ ಸಮೀಪದ ಮಿಜಾರು, ಈ ಮೂರೆಡೆಗಳಲ್ಲಿಯೂ ಇಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ಮಟ್ಟಮಾಪಕವೂ ಸಾಧಾರಣ ಗಣಕಯಂತ್ರವೂ ಇರುವ ವಿದ್ಯಾರ್ಥಿಗಳಿಗೆ ಇದು ಮನೆಯ ಬಾಗಿಲಿನಲ್ಲಿಯೇ ದೊರೆಯುವ ಸಂಶೋಧನೆ. ಘಟಕಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಉತ್ತರ ನಯವಾಗುತ್ತದೆ. ಆಸರೆಯನ್ನು ಸರಿಯಾಗಿ ಅರಿಯುವುದರಿಂದ ಅದು ಸತ್ಯಕ್ಕೆ ಸಮೀಪವಾಗುತ್ತದೆ.