ಹಳೇ ಜೀಪಿನ ಇಂಜಿನ್ ಬಿಚ್ಚಿಸೋ ಮುಂಚೆ ಈ ಲೆಕ್ಕ ಹಾಕಿ

ಈ ವಾರ ಬೆಳೆ ಬಿಟ್ಟು ಗಾಡಿ ವಿಷಯ.

ನಮ್ಮಪ್ಪನ ಡೀಸೆಲ್ ಜೀಪು 2009ರ ಮಾಡೆಲ್. ಹೋದ ಮಳೆಗಾಲದಿಂದ ಏರು ಹತ್ತುವಾಗ ನೀಲಿ ಹೊಗೆ, ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಖಾಲಿ. "ಫುಲ್ ಇಂಜಿನ್ ಕೆಲಸ ಅಣ್ಣಾ, 90 ಸಾವಿರ ಆಗುತ್ತೆ" ಅಂದ ಮೆಕ್ಯಾನಿಕ್. ಆ ದುಡ್ಡು ನಾನು ಡ್ರಿಪ್‌ಗೆ ಅಂತ ಎತ್ತಿಟ್ಟಿದ್ದು. ಗೆಳೆಯರು ಮಾರಿಬಿಡು ಅಂದ್ರು, ಅಪ್ಪ ಆ ಮಾತೇ ಬೇಡ ಅಂದ್ರು.

1. ಮೊದಲು ರೋಗ ಗೊತ್ತಾಗಲಿ

ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರೀತಿಲ್ಲ. ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಅದಕ್ಕೆ ವಾಲ್ವ್ ಸೀಲ್ ಕಾರಣವಾದ್ರೆ ಕಡಿಮೆ ಖರ್ಚು. ಪಿಸ್ಟನ್ ರಿಂಗ್, ಬೋರ್ ಸವೆದಿದ್ರೆ ದೊಡ್ಡ ಖರ್ಚು. ಯಾವುದು ಅಂತ ತಿಳಿಯಲು ಕಂಪ್ರೆಶನ್ ಟೆಸ್ಟ್ ಮಾಡಿಸಲೇಬೇಕು. ನಮ್ಮ ಜೀಪಲ್ಲಿ ಎರಡು ಸಿಲಿಂಡರಿನ ಕಂಪ್ರೆಶನ್ ಬಿದ್ದಿತ್ತು. ಮೆಕ್ಯಾನಿಕ್ ಹೇಳಿದ್ದು ನಿಜ.

2. ಇಂಜಿನ್ ಬಿಟ್ಟು ಉಳಿದದ್ದು ನೋಡಿ

ಚಾಸಿಗೆ ತುಕ್ಕು ಹಿಡಿದಿದ್ರೆ, ಗೇರ್‌ಬಾಕ್ಸ್ ಕೂಗ್ತಿದ್ರೆ, ಇಂಜಿನ್‌ಗೆ ಹಾಕಿದ ದುಡ್ಡು ನೀರಲ್ಲಿ ಹೋಮ. ಆರ್‌ಸಿಯನ್ನೂ ನೋಡಿ. ಸ್ವಂತ ಗಾಡಿಗೆ ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ರಿನೀವಲ್. ನಮ್ಮದು 2029ರವರೆಗೆ ಇದೆ. ಹಾಗಾಗಿ ಮೂರು ವರ್ಷಕ್ಕೆ ಮಾತ್ರ ಲೆಕ್ಕ ಹಾಕಿದೆ.

3. ಬಾಡಿಗೆ ಜೊತೆ ಹೋಲಿಸಿ

ಇಂಜಿನ್ ಬಿಚ್ಚಿದ ಮೇಲೆ ಕ್ರ್ಯಾಂಕ್, ಪಂಪ್ ಅಂತ ಹೊಸ ಖರ್ಚು ಹೊರಬರುತ್ತೆ. ಅದಕ್ಕೇ 90 ಸಾವಿರಕ್ಕೆ ಶೇ. 20 ಸೇರಿಸಿ 1,08,000 ಅಂತಿಟ್ಟುಕೊಂಡೆ. 36 ತಿಂಗಳಿಗೆ ಭಾಗಿಸಿದ್ರೆ ತಿಂಗಳಿಗೆ 3,000 ರೂ. ಇನ್ಶೂರೆನ್ಸ್, ಸರ್ವಿಸ್ ಸೇರಿ 4,200.

ನಮ್ಮೂರಲ್ಲಿ ಮಾರ್ಕೆಟ್‌ಗೆ ಒಂದು ಟ್ರಿಪ್ ಬಾಡಿಗೆ 1,200 ರೂ. ಸ್ವಂತ ಜೀಪಲ್ಲಿ ಹೋದ್ರೆ ಡೀಸೆಲ್ 500. ಒಂದು ಟ್ರಿಪ್‌ಗೆ ಉಳಿತಾಯ 700. ಅಂದ್ರೆ ತಿಂಗಳಿಗೆ 6 ಟ್ರಿಪ್ ಆದ್ರೆ ಸಮ. ನಮ್ಮದು 10 ಟ್ರಿಪ್. ನಿಮ್ಮದು ಮೂರ್ನಾಲ್ಕೇ ಆದ್ರೆ ಬಾಡಿಗೆ ಗಾಡಿಯೇ ವಾಸಿ, ಎಷ್ಟೇ ಪ್ರೀತಿ ಇದ್ದರೂ.

ಕೆಲಸ ಕೊಡುವಾಗ

- ಯಾವ ಪಾರ್ಟ್ ಬದಲಾಗುತ್ತೆ ಅಂತ ಮೊದಲೇ ಬರೆಸಿಕೊಳ್ಳಿ, ಹಳೇ ಪಾರ್ಟ್ ವಾಪಸ್ ಕೇಳಿ.
- ಇಂಜಿನ್ ಇಳಿಸಿದಾಗಲೇ ಕ್ಲಚ್ ಪ್ಲೇಟ್ ನೋಡಿಸಿ. ಮತ್ತೆ ಬಿಚ್ಚಿದ್ರೆ ಎರಡು ಕೂಲಿ.
- ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸೋದಾದ್ರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಗಬೇಕು.
- ಮೊದಲ ಸಾವಿರ ಕಿ.ಮೀ. ಭಾರಿ ಲೋಡ್ ಬೇಡ. ಆಮೇಲೆ ಆಯಿಲ್ ಬದಲಿಸಿ.

ನಾನು ಮಾಡಿಸಿದೆ. ಬಿಲ್ 1,04,000 ಆಯ್ತು. ಡ್ರಿಪ್ ಮುಂದಿನ ಹಂಗಾಮಿಗೆ ಹೋಯ್ತು, ಅಲ್ಲಿವರೆಗೆ ಬದನೆಗೆ ಕಾಲುವೆ ನೀರೇ ಗತಿ. ಅಪ್ಪನಿಗೆ ಖುಷಿ. ಆದರೆ 2029ಕ್ಕೆ ಮತ್ತೆ ಇದೇ ಲೆಕ್ಕ ಹಾಕ್ತೀನಿ ಅಂತ ಅವರಿಗೆ ಈಗಲೇ ಹೇಳಿಟ್ಟಿದ್ದೀನಿ.