ಡಾಂಬರು ತಿನ್ನುವ ಜೀವಿಗೂ ಗೊಬ್ಬರ ಬೇಕು

ಮಳೆಗಾಲ ಹತ್ತಿರ ಬಂತೆಂದರೆ ಗೋವಾದ ಕಡಲತೀರಕ್ಕೆ ಕರಿ ಉಂಡೆಗಳ ಕಾಟ. ಬೇತುಲ್, ಕೊಲ್ವಾ, ಕಾಂಡೋಲಿಂ ಕಡೆ ಮರಳ ಮೇಲೆ ಡಾಂಬರಿನ ಗೋಲಿಗಳು ಬಿದ್ದಿರುತ್ತವೆ. ಅಂಗಾಲಿಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ಬಲೆಗೆ ಹತ್ತಿದರಂತೂ ಮುಗೀತು.

ಇದು ಗೋವಾದಲ್ಲಿ ಹುಟ್ಟಿದ ಹೊಲಸಲ್ಲ. ಹಡಗಿನವರು ಟ್ಯಾಂಕು ತೊಳೆದು ನಡುಗಡಲಲ್ಲಿ ಚೆಲ್ಲಿದ ಕಚ್ಚಾ ಎಣ್ಣೆ, ಬಾಂಬೆ ಹೈ ಬಾವಿಗಳ ಕಡೆಯ ಎಣ್ಣೆ: ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಉಂಡೆಗಳನ್ನು ಪರೀಕ್ಷಿಸಿ ಈ ಎರಡೂ ಮೂಲಗಳನ್ನು ಗುರುತಿಸಿದ್ದಾರೆ. ಎಣ್ಣೆಯ ಹಗುರ ಅಂಶ ಬಿಸಿಲಿಗೆ ಆವಿಯಾಗುತ್ತದೆ, ಉಳಿದ ಜಿಗುಟನ್ನು ಮುಂಗಾರಿನ ಗಾಳಿ ದಡಕ್ಕೆ ತಳ್ಳುತ್ತದೆ.

ಇದೇ ಉಂಡೆಯಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ! ಬೇತುಲ್ ತೀರದ ಉಂಡೆಗಳಿಂದಲೇ ಅವನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಡಾಂಬರು ಉಣಿಸಿ ನೋಡಿದ್ದಾಗಿದೆ.

'ಹಾಗಾದ್ರೆ ಬಿಡ್ರಿ, ತಾನಾಗೇ ಕರಗ್ತದ' ಎನ್ನಬೇಡಿ. ಕಬ್ಬಿನ ರವದಿಯನ್ನು ಸುಮ್ಮನೆ ರಾಶಿ ಹಾಕಿದರೆ ಬೇಗ ಕೊಳೆಯದು, ಸೆಗಣಿ ನೀರೋ ಯೂರಿಯಾವೋ ಬೀಳಬೇಕು. ಎಣ್ಣೆಯದೂ ಅದೇ ಕತೆ. ಅದರಲ್ಲಿ ಇಂಗಾಲ ಬೇಕಾದಷ್ಟಿದೆ. ಸಾರಜನಕ, ರಂಜಕ ಇಲ್ಲವೆಂಬಷ್ಟು ಕಡಿಮೆ. 1989ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿದು ಎಣ್ಣೆ ಚೆಲ್ಲಿದಾಗ, ನೂರು ಕಿ.ಮೀ.ಗೂ ಹೆಚ್ಚು ದಡಕ್ಕೆ ಗೊಬ್ಬರ ಹಾಕಿದರು. ಹೊಸ ಬ್ಯಾಕ್ಟೀರಿಯಾ ತಂದು ಬಿಡಲಿಲ್ಲ, ಅಲ್ಲಿದ್ದವಕ್ಕೇ ಮೇವು ಕೊಟ್ಟರು. ಕೆಲಸ ಚುರುಕಾಯಿತು.

ಆದರೆ 2001ರಲ್ಲಿ ಅದೇ ದಡವನ್ನು ಅಗೆದು ನೋಡಿದರೆ ಕಲ್ಲಿನ ಕೆಳಗೆ ಎಣ್ಣೆ ಇನ್ನೂ ಇತ್ತು. ಗಾಳಿ ಆಡದ ಕಡೆ ಈ ಜೀವಿಗಳ ಕೈ ನಿಧಾನ. ಕೆನಡಾದ ಎಣ್ಣೆಮರಳಿನ ಗಣಿಗಳ ಕೆಸರುಹೊಂಡಗಳಲ್ಲೂ ಹೀಗೇ: ತಳದಲ್ಲಿ ಗಾಳಿಯಿಲ್ಲದೆ ಬದುಕುವ ಜೀವಿಗಳು ಎಣ್ಣೆಯಂಶವನ್ನು ವರ್ಷಗಟ್ಟಲೆ ಕೊಳೆಸುತ್ತ ಮೀಥೇನ್ ಬಿಡುತ್ತವೆ. ಗೋಬರ್ ಗ್ಯಾಸಿನ ಅನಿಲವೇ ಅದು.

ಆದ್ದರಿಂದ ಪ್ರವಾಸಿಗರ ಕಣ್ಣಿಗೆ ತೀರ ಚೊಕ್ಕ ಕಾಣಲೆಂದು ಉಂಡೆಗಳ ಮೇಲೆ ಮರಳೆಳೆದರೆ ಡಾಂಬರನ್ನು ಉಪ್ಪಿನಕಾಯಿ ಹಾಕಿಟ್ಟಂತೆ. ಮುಂದಿನ ದೊಡ್ಡ ಅಲೆಗೆ ಮತ್ತೆ ಮೇಲೆ ಬಂದೀತು. ಕೈಯಿಂದ ಆರಿಸುವುದೇ ಮೊದಲ ಕೆಲಸ, ಬೇಸರದ್ದಾದರೂ.

ಆರಿಸಿದ್ದಕ್ಕೆ ದಾರಿಯಿದೆ. ದೆಹಲಿಯ ಟೆರಿ ಸಂಸ್ಥೆ 'ಆಯಿಲ್‌ಜಾಪರ್' ಎಂಬ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ತೈಲ ಶುದ್ಧೀಕರಣ ಘಟಕಗಳ ಗಸಿಗೆ ಅದನ್ನು ಬಳಸಿದ್ದಾರೆ. 2010ರ ಆಗಸ್ಟಿನಲ್ಲಿ ಮುಂಬೈ ಬಳಿ ಎರಡು ಹಡಗು ಡಿಕ್ಕಿಯಾದ ಮೇಲೆ ದಡದ ಎಣ್ಣೆಗೂ ಹಾಕಿದರು. ಪುಡಿ ಎರಚಿ ಮನೆಗೆ ಹೋಗುವ ಕೆಲಸವಲ್ಲ ಇದು. ಎಣ್ಣೆ ಕೆಳಗೆ ಇಳಿಯದಂತೆ ಹಾಳೆ ಹಾಸಿದ ಜಾಗ ಬೇಕು, ಮಣ್ಣು ಬೆರೆಸಿ ಆಗಾಗ ಉಳಬೇಕು, ಹಸಿ ಆರದಂತೆ ನೀರುಣಿಸಬೇಕು. ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ಮಾಡಿದರೂ ರಸ್ತೆಗೆ ಹಾಕುವ ಡಾಂಬರಿನಂಥ ಗಟ್ಟಿ ಅಂಶವನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಉಂಡೆ ಹಳೆಯದಾದಷ್ಟೂ ಆ ಅಂಶವೇ ಹೆಚ್ಚು.