ಬಾಲ ಎಲ್ಲಿಗೆ ಹೋಯಿತು?

ಮಳೆಗಾಲದ ಹೊಂಡಗಳಲ್ಲಿ ಗೊದಮೊಟ್ಟೆ ಹಿಡಿದು ಬೆಳೆದವರು ನೋಡಿಯೇ ಇರುತ್ತಾರೆ. ಕಾಲು ಮೂಡಿದ ಮೇಲೆ ಅದರ ಬಾಲ ಕಳಚಿ ಬೀಳುವುದಿಲ್ಲ. ದಿನದಿಂದ ದಿನಕ್ಕೆ ಗಿಡ್ಡವಾಗಿ, ಮೋಟಾಗಿ, ಕೊನೆಗೆ ಇಲ್ಲವಾಗುತ್ತದೆ.

1962ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಈ ಬಾಲದ ಬೆನ್ನು ಹತ್ತಿದರು. ಅಂಗಾಂಶವನ್ನು ಅರೆದು ಹುಡುಕಿದರೆ ಅದನ್ನು ಕರಗಿಸುವ ಕಿಣ್ವ ಕೈಗೆ ಸಿಗುತ್ತಿರಲಿಲ್ಲ. ಅವರು ಜೀವಂತ ಬಾಲದ ಚೂರುಗಳನ್ನೇ ಕೊಲಾಜೆನ್ ಎಂಬ ಪ್ರೋಟೀನಿನ ಜೆಲ್ಲಿಯ ಮೇಲಿಟ್ಟು ಕಾದರು. ಚೂರಿನ ಸುತ್ತಲಿನ ಜೆಲ್ಲಿ ಕರಗಿತು. ಜೀವಕೋಶ ಈ ಕಿಣ್ವವನ್ನು ಕೂಡಿಟ್ಟುಕೊಳ್ಳುವುದಿಲ್ಲ, ಬೇಕಾದಾಗ ಮಾಡಿ ಹೊರಗೆ ಬಿಡುತ್ತದೆ. ಅರೆದವರಿಗೆ ಸಿಗದಿದ್ದುದು ಅದಕ್ಕೇ. ಜೀವ ಇರುವಾಗಲೇ ನೋಡಬೇಕೆಂಬ ಆ ತಾಳ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇದೇ ವಂಶದ 23 ಕಿಣ್ವಗಳು ನಮ್ಮ ಮೈಯಲ್ಲಿವೆ. ಮ್ಯಾಟ್ರಿಕ್ಸ್ ಮೆಟಲೊಪ್ರೊಟೀನೇಸ್, ಚಿಕ್ಕದಾಗಿ ಎಂಎಂಪಿ. ಜೀವಕೋಶಗಳ ಸುತ್ತ ನೇಯ್ದಿರುವ ಹಂದರವನ್ನು ಕತ್ತರಿಸುವುದು ಇವುಗಳ ಕೆಲಸ, ಕತ್ತರಿಯ ಅಲಗಿನಲ್ಲಿ ಒಂದು ಸತುವಿನ ಪರಮಾಣು. ಹಂದರದ ಮುಖ್ಯ ನೂಲು ಕೊಲಾಜೆನ್. ಅದು ಮೂರೆಳೆ ಹೊಸೆದ ಹುರಿ ಎಂದು 1954ರಲ್ಲಿ ಮದ್ರಾಸಿನಿಂದ ಜಗತ್ತಿಗೆ ಹೇಳಿದವರು ಗೋಪಿನಾಥ ಕರ್ತಾ ಮತ್ತು ಜಿ.ಎನ್. ರಾಮಚಂದ್ರನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತವರು. ಈ ಹುರಿ ಸುಲಭಕ್ಕೆ ಹರಿಯದು. ಎಂಎಂಪಿ-1 ಅದರ ಮುಕ್ಕಾಲು ಉದ್ದದಲ್ಲಿರುವ ಒಂದು ಜಾಗ ಹುಡುಕಿ ಮೂರೂ ಎಳೆಗಳನ್ನು ತುಂಡರಿಸುತ್ತದೆ. ಆಮೇಲೆ ಮೈಯ ಬಿಸಿಗೇ ಹುರಿ ಬಿಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಬೇರೆ ಎಂಎಂಪಿಗಳು ನುಣ್ಣಗೆ ಮಾಡುತ್ತವೆ.

ಹೆರಿಗೆಯಾದ ಕೂಡಲೇ ಗರ್ಭಕೋಶದ ತೂಕ ಸುಮಾರು 1 ಕಿಲೊ. ಆರು ವಾರ ಕಳೆಯುವಷ್ಟರಲ್ಲಿ 100 ಗ್ರಾಂಗಿಂತ ಕಡಿಮೆ. ಹೊರಗೆ ಅಜ್ಜಿ ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿಯುತ್ತಿದ್ದರೆ, ಒಳಗೆ ಈ ಕಿಣ್ವಗಳು ತಿಂಗಳುಗಟ್ಟಲೆ ಬೆಳೆದ ಕೊಲಾಜೆನ್ನನ್ನು ಬಿಚ್ಚುತ್ತಿರುತ್ತವೆ. ಗಾಯ ಮಾಯುವಾಗಲೂ ಇವು ಬೇಕು.

ಹತೋಟಿ ತಪ್ಪಿದರೆ ಮಾತ್ರ ಕಷ್ಟ. ಕೀಲಿನ ಮೃದ್ವಸ್ಥಿ ಸವೆಯುತ್ತದೆ, ಕ್ಷಯದಲ್ಲಿ ಶ್ವಾಸಕೋಶ ಪೊಳ್ಳಾಗುತ್ತದೆ, ಕ್ಯಾನ್ಸರ್ ಕೋಶಗಳಿಗೆ ಹರಡಲು ದಾರಿಯಾಗುತ್ತದೆ. ಅದಕ್ಕೇ ದೇಹ ಈ ಕತ್ತರಿಯನ್ನು ಒರೆಯಲ್ಲಿಟ್ಟೇ ಹೊರಗೆ ಕಳಿಸುತ್ತದೆ. ಒರೆ ಕಳಚಿದ ಮೇಲೂ ಹಿಡಿದು ನಿಲ್ಲಿಸಲು ಟಿಂಪ್ ಎಂಬ ನಾಲ್ಕು ಪ್ರೋಟೀನುಗಳನ್ನು ಇಟ್ಟುಕೊಂಡಿದೆ.

1990ರ ದಶಕದಲ್ಲಿ ಎಂಎಂಪಿಗಳ ಬಾಯಿ ಕಟ್ಟಿ ಕ್ಯಾನ್ಸರ್ ತಡೆಯುವ ಆಸೆಯಿಂದ ಮಾರಿಮಾಸ್ಟಾಟ್‌ನಂಥ ಔಷಧಿಗಳು ಬಂದವು. ರೋಗಿಗಳ ಕೀಲು, ಸ್ನಾಯುಗಳು ನೊಂದವು. ಕಾದಿದ್ದ ಫಲ ಸಿಗಲಿಲ್ಲ. ಎಂಎಂಪಿಗಳಲ್ಲಿ ಕೆಲವು ಗೆಡ್ಡೆಯ ವಿರುದ್ಧವೇ ದುಡಿಯುವಂಥವು ಎಂಬುದು ಆಮೇಲೆ ತಿಳಿಯಿತು. ಎಲ್ಲವನ್ನೂ ಒಟ್ಟಿಗೆ ಕಟ್ಟಿಹಾಕಲು ಹೊರಟದ್ದೇ ದುಡುಕಾಯಿತು.

ಕೈಹಿಡಿದದ್ದು ಹಳೆಯ ಪ್ರತಿಜೀವಕ ಡಾಕ್ಸಿಸೈಕ್ಲಿನ್, ಅದೂ ಬೇರೆ ಕಾಯಿಲೆಯಲ್ಲಿ. ವಸಡು ಸವೆತಕ್ಕೆ ದಿನಕ್ಕೆರಡು ಬಾರಿ 20 ಮಿಲಿಗ್ರಾಂ ಕೊಡುತ್ತಾರೆ. ಬ್ಯಾಕ್ಟೀರಿಯಾ ಕೊಲ್ಲಲು ಅಷ್ಟು ಸಾಲದು, ಕಿಣ್ವದ ಕೈ ನಿಧಾನಿಸಲು ಸಾಕು.